ಹಾರ್ಲೆಮ್‌ನ ಮುಖಗಳು: ಭಾವಚಿತ್ರದಲ್ಲಿ ಬಣ್ಣ, ಬೆಳಕು, ಬೀದಿ

ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, 125ನೇ ಬೀದಿಯ ಸ್ಟುಡಿಯೊ ಮ್ಯೂಸಿಯಂ 2018ರಿಂದ ಮುಚ್ಚಿತ್ತು. 2025ರ ನವೆಂಬರಿನಲ್ಲಿ ಹೊಸ ಕಟ್ಟಡದೊಂದಿಗೆ ಮತ್ತೆ ಬಾಗಿಲು ತೆರೆಯಿತು. 1968ರಲ್ಲಿ ಬಾಡಿಗೆಯ ಮಹಡಿಯೊಂದರಲ್ಲಿ ಶುರುವಾದ ಸಂಸ್ಥೆ ಇದು. ಕಪ್ಪು ಜನಾಂಗದ ಕಲಾವಿದರಿಗೆ ಕೆಲಸ ಮಾಡಲು ಜಾಗ ಕೊಡುವುದು ಅದರ ಹಳೆಯ ವಾಡಿಕೆ. ಅಲ್ಲಿಂದ ಹೊರಬಂದವರಲ್ಲಿ ಹಲವರು ಅದೇ ಬೀದಿಗಳಲ್ಲಿ ಓಡಾಡುವ ಜನರ ಭಾವಚಿತ್ರ ಬರೆದು ಹೆಸರಾದರು. ಆ ಚಿತ್ರಗಳು ಈಗ ನಮ್ಮ ಫೋನುಗಳ ತನಕ ಬರುತ್ತಿವೆ. ನೋಡಿದವರಿಗೆ ಒಂದು ಪ್ರಶ್ನೆ ಏಳುವುದು ಸಹಜ: ಸುಮ್ಮನೆ ಕುರ್ಚಿಯ ಮೇಲೆ ಕೂತ ಮನುಷ್ಯನ ಚಿತ್ರದಲ್ಲಿ ವರ್ಣಭೇದ ಎಲ್ಲಿದೆ, ಸಮಾಜದ ಒತ್ತಡ ಎಲ್ಲಿದೆ?

ಮುಖದ ಭಾವದಲ್ಲಿ ಹುಡುಕಿದರೆ ಅದು ಅಷ್ಟಾಗಿ ಸಿಗುವುದಿಲ್ಲ. ಬೆಳಕು ಯಾವ ಕಡೆಯಿಂದ ಬಿತ್ತು, ಕಲಾವಿದ ಎಷ್ಟು ದೂರ ನಿಂತ, ಭಂಗಿ ಆರಿಸಿದ್ದು ಯಾರು, ಚಿತ್ರ ಕೊನೆಗೆ ಯಾರ ಕೈ ಸೇರಿತು ಎಂದು ಕೇಳುತ್ತ ಹೋದರೆ ಸಿಗುತ್ತದೆ.

## ಆಧಾರ್ ಫೋಟೊ, ಮದುವೆ ಫೋಟೊ

ಆಧಾರ್ ಕಾರ್ಡಿನಲ್ಲಿರುವುದೂ ನಿಮ್ಮ ಮುಖವೇ. ಆದರೆ ಅದನ್ನು ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ಯಾರೂ ತೂಗುಹಾಕುವುದಿಲ್ಲ. ಅಲ್ಲಿ ಕ್ಯಾಮೆರಾ ಕಚೇರಿಯದ್ದು, ಭಂಗಿ ನಿಯಮದ್ದು, ಉದ್ದೇಶ ಗುರುತು ಹಿಡಿಯುವುದು. ಮದುವೆಯ ಫೋಟೊದಲ್ಲಿ ಸೀರೆಯ ನೆರಿಗೆಯಿಂದ ಹಿಡಿದು ಕೈ ಎಲ್ಲಿಡಬೇಕು ಎನ್ನುವ ತನಕ ಕೂತವರ ಮಾತು ನಡೆಯುತ್ತದೆ. ಈ ಎರಡನೆಯದನ್ನು ಭಾವಚಿತ್ರ ಎನ್ನುತ್ತೇವೆ. ಚಿತ್ರಿಸುವವರು, ಚಿತ್ರಕ್ಕೆ ಕೂತವರು, ಇಬ್ಬರ ನಡುವಿನ ಒಪ್ಪಂದ ಅದು.

ಕಪ್ಪು ಜನರ ಮಟ್ಟಿಗೆ ಕ್ಯಾಮೆರಾ ಬಹುಕಾಲ ಮೊದಲನೆಯ ಬಗೆಯದ್ದೇ ಆಗಿತ್ತು. 1850ರಲ್ಲಿ ಹಾರ್ವರ್ಡ್‌ನ ವಿಜ್ಞಾನಿ ಲೂಯಿ ಅಗಾಸಿ ದಕ್ಷಿಣ ಕ್ಯಾರೊಲಿನಾದಲ್ಲಿ ಗುಲಾಮರ ಬಟ್ಟೆ ಬಿಚ್ಚಿಸಿ, ‘ಜನಾಂಗದ ಮಾದರಿ’ ಎಂದು ಫೋಟೊ ತೆಗೆಸಿದ. ಬ್ರಿಟಿಷರೂ ನಮ್ಮ ದೇಶದ ಜಾತಿ, ಬುಡಕಟ್ಟುಗಳ ಜನರನ್ನು ಹೀಗೇ ಸಾಲಾಗಿ ನಿಲ್ಲಿಸಿ ತೆಗೆದ ಚಿತ್ರಗಳನ್ನು 1868ರಿಂದ 1875ರ ನಡುವೆ ಎಂಟು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಅವುಗಳಲ್ಲಿ ಎಷ್ಟೋ ಚಿತ್ರಗಳ ಕೆಳಗೆ ಮನುಷ್ಯನ ಹೆಸರಿಲ್ಲ, ಜಾತಿಯ ಹೆಸರಿದೆ. ಪೊಲೀಸ್ ಠಾಣೆಯಲ್ಲಿ ಎದುರಿನಿಂದ ಒಂದು, ಪಕ್ಕದಿಂದ ಒಂದು ತೆಗೆಯುವ ಆರೋಪಿಯ ಫೋಟೊ ಈ ಸಂತಾನದ ಇನ್ನೊಂದು ಕುಡಿ.

ಇದಕ್ಕೆ ಎದುರಾಗಿ ನಿಂತವರಲ್ಲಿ ದೊಡ್ಡ ಹೆಸರು ಫ್ರೆಡರಿಕ್ ಡಗ್ಲಾಸ್. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೇಶದ ಪ್ರಮುಖ ಭಾಷಣಕಾರನಾದ ಈತನ ಸುಮಾರು 160 ಬೇರೆಬೇರೆ ಫೋಟೊಗಳು ಉಳಿದಿವೆ. ಆ ಶತಮಾನದ ಅಮೆರಿಕದಲ್ಲಿ ಬೇರೆ ಯಾರೂ ಇಷ್ಟು ಸಲ ಕ್ಯಾಮೆರಾ ಮುಂದೆ ಕೂತಂತಿಲ್ಲ. ನಗುನಗುತ್ತ ಸೇವೆ ಮಾಡುವ ಕಪ್ಪು ಆಳಿನ ವ್ಯಂಗ್ಯಚಿತ್ರಗಳು ತುಂಬಿದ್ದ ಕಾಲ ಅದು. ಡಗ್ಲಾಸ್ ನಗದೆ, ಗಂಭೀರವಾಗಿಯೇ ಕೂತ.

## ಕೇರಿಗೆ ಕೆಂಪು ಬಣ್ಣ ಬಳಿದದ್ದು

1910ರಿಂದ 1970ರ ನಡುವೆ ಸುಮಾರು 60 ಲಕ್ಷ ಕಪ್ಪು ಜನ ಅಮೆರಿಕದ ದಕ್ಷಿಣ ರಾಜ್ಯಗಳನ್ನು ಬಿಟ್ಟು ಉತ್ತರದ, ಪಶ್ಚಿಮದ ನಗರಗಳಿಗೆ ಬಂದರು. ಗುಂಪುಹಲ್ಲೆ, ಹತ್ತಿ ಹೊಲದ ಸಾಲ, ಮತ ಹಾಕಲು ಬಿಡದ ಕಾನೂನುಗಳು ಅವರನ್ನು ಅಟ್ಟಿದವು. ಕಾರ್ಖಾನೆಯ ಕೂಲಿ ಕರೆಯಿತು. ಹಾರ್ಲೆಮ್‌ನ ಮನೆಗಳನ್ನು ಕಟ್ಟಿಸಿದ್ದು ಬಿಳಿಯ ಮಧ್ಯಮ ವರ್ಗಕ್ಕೆಂದು. ಬೇಡಿಕೆ ಮೀರಿ ಕಟ್ಟಿದ್ದರಿಂದ ಮನೆಗಳು ಖಾಲಿ ಬಿದ್ದು, ಮಾಲೀಕರು ಕಪ್ಪು ಬಾಡಿಗೆದಾರರಿಗೆ ಬಾಗಿಲು ತೆರೆದರು. 1920ರ ದಶಕದ ಹೊತ್ತಿಗೆ ಅದು ಕಪ್ಪು ಅಮೆರಿಕದ ರಾಜಧಾನಿ ಎನಿಸಿಕೊಂಡಿತ್ತು.

1930ರ ದಶಕದಲ್ಲಿ ಬಂದದ್ದು ‘ರೆಡ್‌ಲೈನಿಂಗ್’. ಗೃಹಸಾಲಕ್ಕೆ ಸಂಬಂಧಿಸಿದ ಸರ್ಕಾರಿ ಸಂಸ್ಥೆಯೊಂದು ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿ ಬಡಾವಣೆಗಳಿಗೆ ನಾಲ್ಕು ದರ್ಜೆ ಕೊಟ್ಟಿತು: ಹಸಿರು, ನೀಲಿ, ಹಳದಿ, ಕೊನೆಗೆ ಕೆಂಪು. ಕಪ್ಪು ಜನ ಇದ್ದರು ಎಂಬುದೇ ದರ್ಜೆ ಇಳಿಯಲು ಒಂದು ಕಾರಣ. ಹಾರ್ಲೆಮ್‌ಗೆ ಕೆಂಪು ಬಿತ್ತು. ಬೆಂಗಳೂರಿನಲ್ಲಿ ಬಿ ಖಾತಾ ನಿವೇಶನ ಕೊಂಡವರಿಗೆ ಇದರ ಪರಿಣಾಮ ಬೇಗ ಅರ್ಥವಾಗುತ್ತದೆ: ಬ್ಯಾಂಕು ಸಾಲಕ್ಕೆ ಹಿಂಜರಿಯುತ್ತದೆ, ಸಾಲ ಸಿಗದ್ದರಿಂದ ಕೊಳ್ಳುವವರು ಕಡಿಮೆ, ಆದ್ದರಿಂದ ಬೆಲೆ ಏರುವುದಿಲ್ಲ. ಇಲ್ಲಿ ತೊಡಕಿರುವುದು ಕಾಗದಪತ್ರದಲ್ಲಿ. ಅಲ್ಲಿ ಎಣಿಸಿದ್ದು ನಿವಾಸಿಗಳ ಮೈಬಣ್ಣ. ದುರಸ್ತಿಗೆ ಸಾಲವಿಲ್ಲದೆ ಕಟ್ಟಡಗಳು ಹಾಳಾದವು. ಬೇರೆ ಕಡೆ ಮನೆ ಕೊಡುವವರಿಲ್ಲದ್ದರಿಂದ ಬಾಡಿಗೆ ಮಾತ್ರ ಏರಿತು. ಒಂದೊಂದು ಮನೆಯನ್ನೂ ಕೋಣೆ ಕೋಣೆಯಾಗಿ ಹಂಚಿಕೊಂಡು ಜನ ಒತ್ತೊತ್ತಾಗಿ ಬದುಕಿದರು. ಮನೆ ಕೊಡುವಾಗ ಜನಾಂಗ ನೋಡುವುದನ್ನು ನಿಷೇಧಿಸುವ ರಾಷ್ಟ್ರೀಯ ಕಾನೂನು ಬಂದದ್ದು 1968ರಲ್ಲಿ.

ಈ ಇಕ್ಕಟ್ಟನ್ನು ನೆನಪಿಟ್ಟುಕೊಂಡು ಎರಡು ಚಿತ್ರಗಳನ್ನು ನೋಡಬೇಕು.

## ತುಪ್ಪಳದ ಕೋಟು, ಎದೆಯ ಮೇಲಿನ ಪಟ್ಟಿ

ಮೊದಲನೆಯದು 1932ರ ಫೋಟೊ. 127ನೇ ಬೀದಿಯಲ್ಲಿ ಹೊಳೆಯುವ ಕ್ಯಾಡಿಲಾಕ್ ಕಾರು. ತುಪ್ಪಳದ ಕೋಟು ತೊಟ್ಟ ಕಪ್ಪು ದಂಪತಿ, ಒಬ್ಬರು ಕಾರಿನೊಳಗೆ, ಒಬ್ಬರು ಹೊರಗೆ. ತೆಗೆದದ್ದು ಹಾರ್ಲೆಮ್‌ನಲ್ಲೇ ಸ್ಟುಡಿಯೊ ಇಟ್ಟಿದ್ದ ಜೇಮ್ಸ್ ವ್ಯಾನ್ ಡರ್ ಝೀ. ದೇಶವೆಲ್ಲ ಆರ್ಥಿಕ ಕುಸಿತದಲ್ಲಿ ಮುಳುಗಿದ್ದ ವರ್ಷದಲ್ಲಿ ಇಂಥ ವೈಭವ ಯಾಕೆ ಎಂದು ಅನಿಸಬಹುದು. ಆದರೆ ಪತ್ರಿಕೆಗಳಲ್ಲಿ ತಮ್ಮ ಜನರನ್ನು ಅಪರಾಧಿಗಳಾಗಿ, ಕೋಡಂಗಿಗಳಾಗಿ ಮಾತ್ರ ನೋಡುತ್ತಿದ್ದವರಿಗೆ ಇಂಥ ಫೋಟೊ ಊರಿಗೆ ಕಳಿಸಬಹುದಾದ ಉತ್ತರವಾಗಿತ್ತು.

ಅವರ ಸ್ಟುಡಿಯೊ ನಮ್ಮ ತಾಲ್ಲೂಕು ಕೇಂದ್ರಗಳ ಹಳೆಯ ಸ್ಟುಡಿಯೊಗಳಂತೆಯೇ. ಹಿಂದೆ ಬಣ್ಣ ಬರೆದ ಪರದೆ, ಮುಂದೆ ಕುರ್ಚಿ, ಹೂದಾನಿ, ಪುಸ್ತಕ. ತೆಗೆದ ಮೇಲೆ ನೆಗೆಟಿವ್ ತಿದ್ದುವ ಕೆಲಸ. ನೆಗೆಟಿವ್‌ನಲ್ಲಿ ಎಲ್ಲ ತಿರುಗುಮುರುಗು ಎಂಬುದನ್ನು ಮರೆಯಬಾರದು: ಅದರ ಮೇಲೆ ಸೀಸದ ಕಡ್ಡಿಯಿಂದ ತೀಡಿದರೆ ಪ್ರಿಂಟಿನಲ್ಲಿ ಆ ಜಾಗ ತಿಳಿಯಾಗುತ್ತದೆ, ಚೂಪು ಮೊನೆಯಿಂದ ಲೇಪ ಕೆರೆದರೆ ಕಪ್ಪಾಗುತ್ತದೆ. ಸುಕ್ಕಿನ ನೆರಳನ್ನು ಹೀಗೆ ತೀಡಿ ಅಳಿಸುವುದುಂಟು; ಕೈ ಜಾರಿ ಹೆಚ್ಚು ತೀಡಿದರೆ ಮುಖ ಮೇಣದ ಗೊಂಬೆಯಾಗುತ್ತದೆ. ವ್ಯಾನ್ ಡರ್ ಝೀ ಇಲ್ಲದ ಒಡವೆಯನ್ನು ತೊಡಿಸುತ್ತಿದ್ದರು, ಸಿಗರೇಟಿನ ಹೊಗೆ ಬಿಡಿಸುತ್ತಿದ್ದರು, ಎರಡು ನೆಗೆಟಿವ್ ಸೇರಿಸಿ ಸತ್ತವರ ಪಕ್ಕ ದೇವದೂತರನ್ನು ತರುತ್ತಿದ್ದರು. ಇದನ್ನು ಸುಳ್ಳು ಎಂದು ತಳ್ಳಿಹಾಕುವವರಿದ್ದಾರೆ. ಗಿರಾಕಿ ತನ್ನನ್ನು ಹೇಗೆ ಕಾಣಬಯಸಿದ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ ಎಂದೇ ಹೇಳಬೇಕು.

ಎರಡನೆಯದು ಬಣ್ಣದ ಚಿತ್ರ: ಆಲಿಸ್ ನೀಲ್ 1940ರಲ್ಲಿ ಬರೆದ ‘ಟಿ.ಬಿ. ಹಾರ್ಲೆಮ್’. ನೀಲ್ ಬಿಳಿಯ ಮಹಿಳೆ. 1938ರಲ್ಲಿ ಪೋರ್ಟೊರಿಕೊ ಮೂಲದವರು ಹೆಚ್ಚಾಗಿದ್ದ ಸ್ಪ್ಯಾನಿಷ್ ಹಾರ್ಲೆಮ್‌ಗೆ ಬಂದು 1962ರ ತನಕ ಅಲ್ಲೇ ಬಾಳಿದರು; ಅಕ್ಕಪಕ್ಕದ ಮನೆಯವರನ್ನು, ಅವರ ಮಕ್ಕಳನ್ನು ತಮ್ಮ ಮನೆಯಲ್ಲೇ ಕೂರಿಸಿಕೊಂಡು ಬರೆದರು. ಈ ಚಿತ್ರದಲ್ಲಿರುವುದು ಹಾಸಿಗೆಯಲ್ಲಿ ಒರಗಿದ 24ರ ತರುಣ. ಎದೆಯ ಮೇಲೆ ಬಿಳಿಯ ಪಟ್ಟಿ. ಕ್ಷಯಕ್ಕೆ ಔಷಧವೇ ಇಲ್ಲದ ದಿನಗಳು ಅವು. ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು 1943ರಲ್ಲಿ. ಅಲ್ಲಿಯವರೆಗೆ ಮಾಡುತ್ತಿದ್ದ ಒಂದು ಚಿಕಿತ್ಸೆ ಎಂದರೆ ಪಕ್ಕೆಲುಬು ಕಿತ್ತು, ರೋಗ ಹಿಡಿದ ಶ್ವಾಸಕೋಶವನ್ನು ಕುಸಿಯುವಂತೆ ಮಾಡಿ ಅದಕ್ಕೆ ವಿಶ್ರಾಂತಿ ಕೊಡುವುದು. ಆ ತರುಣನ ಮೈ ಒಂದು ಬದಿಗೆ ಬಾಗಿರುವುದು ಅದರಿಂದ. ಬೀದಿ ಚಿತ್ರದಲ್ಲಿ ಎಲ್ಲೂ ಇಲ್ಲ. ಆದರೆ ಕ್ಷಯ ಹಬ್ಬುವುದು ಗಾಳಿಯಿಲ್ಲದ ಕಿಕ್ಕಿರಿದ ಕೋಣೆಗಳಲ್ಲಿ. ನಕ್ಷೆಯ ಕೆಂಪು ಬಣ್ಣ ಹುಡುಗನ ಎದೆಗೂಡಿನ ತನಕ ಬಂದ ದಾರಿ ಇದೇ.

## ಕಪ್ಪು ಮೈಬಣ್ಣಕ್ಕೆ ಬೆಳಕಿನ ಲೆಕ್ಕ

ಈಗ ತಾಂತ್ರಿಕ ವಿಷಯ. ಮೈಬಣ್ಣದ ರಾಜಕೀಯ ಕ್ಯಾಮೆರಾದ ಒಳಗೂ ಇದೆ ಎನ್ನುವುದು ಹಲವರಿಗೆ ಹೊಸ ಸುದ್ದಿ.

1950ರ ದಶಕದಿಂದ ಕೊಡಾಕ್ ಕಂಪನಿ ಫೋಟೊ ಪ್ರಿಂಟ್ ಹಾಕುವ ಲ್ಯಾಬುಗಳಿಗೆ ಒಂದು ಮಾದರಿ ಕಾರ್ಡು ಕಳಿಸುತ್ತಿತ್ತು. ಅದರಲ್ಲಿ ಬಿಳಿಯ ಹೆಣ್ಣುಮಗಳೊಬ್ಬಳ ಚಿತ್ರ. ಅವಳ ಚರ್ಮ ಸರಿಯಾಗಿ ಕಂಡರೆ ಯಂತ್ರ ಸರಿಯಿದೆ ಎಂದು ಅರ್ಥ. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ ‘ಶರ್ಲಿ ಕಾರ್ಡ್’ ಎಂಬ ಹೆಸರೇ ನಿಂತಿತು. ಆ ಅಳತೆಯಲ್ಲಿ ಕಪ್ಪು ಮಗುವಿನ ಫೋಟೊ ಹಾಕಿದರೆ ಕಣ್ಣು, ಹಲ್ಲು ಮಾತ್ರ ಉಳಿದು ಮುಖವೆಲ್ಲ ಒಂದೇ ಕಲೆಯಾಗುತ್ತಿತ್ತು. ಫಿಲ್ಮಿನಲ್ಲಿ ಕಂದು ಬಣ್ಣದ ಸೂಕ್ಷ್ಮ ಸುಧಾರಿಸಲು ಕೊಡಾಕ್ ಮನಸ್ಸು ಮಾಡಿದ್ದಕ್ಕೆ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರ ದೂರುಗಳೂ ಕಾರಣ. ಹಲವು ಮೈಬಣ್ಣದವರಿರುವ ಕಾರ್ಡು ಬಂದದ್ದು 1990ರ ದಶಕದಲ್ಲಿ.

ಫಿಲ್ಮು ಹೋಯಿತು, ಲೆಕ್ಕ ಉಳಿಯಿತು. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ತಾನು ನೋಡುವುದೆಲ್ಲವೂ ಸರಾಸರಿಯಲ್ಲಿ ನಡುಬೂದು, ಅಂದರೆ ಬಿದ್ದ ಬೆಳಕಿನ ಸುಮಾರು 18 ಶೇಕಡಾ ಹಿಂದಿರುಗಿಸುವ ವಸ್ತು ಎಂದುಕೊಳ್ಳುತ್ತದೆ. ಇದರಿಂದ ಎರಡು ಬಗೆಯ ತಪ್ಪು ಆಗುತ್ತದೆ. ಎಣ್ಣೆಗಪ್ಪು ಮೈಬಣ್ಣದವರು ಬಿಳಿ ಗೋಡೆಯ ಮುಂದೆ ನಿಂತರೆ, ಮೀಟರ್ ಗೋಡೆಯನ್ನು ಬೂದಾಗಿಸಲು ಹೋಗಿ ಮುಖವನ್ನು ಕತ್ತಲೆಗೆ ತಳ್ಳುತ್ತದೆ. ಅದೇ ಮುಖ ಚೌಕಟ್ಟು ತುಂಬಿದ್ದರೆ, ಮುಖವನ್ನೇ ಬೂದಾಗಿಸಲು ಬೆಳಕು ಹೆಚ್ಚಿಸಿ, ಬೂದಿ ಬಳಿದಂತೆ ಮಾಡುತ್ತದೆ.

ಪರಿಹಾರ ಕಷ್ಟದ್ದಲ್ಲ. ಮೀಟರನ್ನು ಚುಕ್ಕೆಯಷ್ಟು ಜಾಗವನ್ನೇ ಅಳೆಯುವ ಸ್ಪಾಟ್‌ಗೆ ಹಾಕಿ ಕೆನ್ನೆಯ ಮೇಲೆ ಅಳೆಯಿರಿ. ಗಾಢ ಬಣ್ಣವಿದ್ದರೆ ಬಂದ ಅಳತೆಗಿಂತ ಸುಮಾರು ಒಂದು ಸ್ಟಾಪ್ ಕಡಿಮೆ ಮಾಡಿ, ಅಂದರೆ ಬೆಳಕು ಅರ್ಧಕ್ಕಿಳಿಯಲಿ. ಕೈಯಲ್ಲಿ ಹಿಡಿಯುವ ಇನ್ಸಿಡೆಂಟ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಅದು ಬೀಳುವ ಬೆಳಕನ್ನು ಅಳೆಯುವುದರಿಂದ ಮೈಬಣ್ಣ ಅದಕ್ಕೆ ಲೆಕ್ಕಕ್ಕಿಲ್ಲ. ಬಿಳಿಯ ಗುಮ್ಮಟವನ್ನು ಮುಖದ ಬಳಿ ಹಿಡಿದು ಕ್ಯಾಮೆರಾದ ಕಡೆ ತಿರುಗಿಸಿದರೆ ಸಾಕು. ಫೋನಿನಲ್ಲಾದರೆ ಮುಖದ ಮೇಲೆ ಬೆರಳೊತ್ತಿ ಹಿಡಿದು ಅಳತೆಯನ್ನು ಕಟ್ಟಿಹಾಕಿ, ಪಕ್ಕದ ಸೂರ್ಯನ ಗುರುತನ್ನು ತುಸು ಕೆಳಗೆ ಎಳೆಯಿರಿ.

ಬೆಳಕಿನ ಗಾತ್ರ ಅಳತೆಗಿಂತ ಮುಖ್ಯ. ಕಪ್ಪು ಚರ್ಮದಲ್ಲಿ ಕೆನ್ನೆ, ಹಣೆ, ಮೂಗಿನ ಆಕಾರ ನಮಗೆ ಕಾಣುವುದು ಬಹುಪಾಲು ಅಲ್ಲಿನ ಹೊಳಪಿನಿಂದ. ಸಣ್ಣ ಫ್ಲ್ಯಾಶನ್ನು ನೇರ ಎದುರಿನಿಂದ ಹೊಡೆದರೆ ಹೊಳಪು ಚುಕ್ಕೆಯಾಗಿ ಸುಟ್ಟುಹೋಗುತ್ತದೆ. ದೊಡ್ಡ ಕಿಟಕಿ ಅಥವಾ ಬೆಳಕನ್ನು ಬಟ್ಟೆಯ ಮೂಲಕ ಹರಡುವ ಸಾಫ್ಟ್‌ಬಾಕ್ಸನ್ನು ಪಕ್ಕಕ್ಕೆ ಇಟ್ಟರೆ ಅದೇ ಹೊಳಪು ಅಗಲವಾಗಿ ಹರಡಿ ಮುಖಕ್ಕೆ ರೂಪ ಕೊಡುತ್ತದೆ. ಪೌಡರ್ ಬಳಿದು ಹೊಳಪನ್ನೆಲ್ಲ ಕೊಂದರೆ ಮುಖ ಚಪ್ಪಟೆಯಾಗುತ್ತದೆ. ಹಣೆಯ ಬೆವರನ್ನು ಒತ್ತಿ ಒರೆಸಿದರೆ ಸಾಕು.

ನಮ್ಮ ಮದುವೆ ಮಂಟಪಗಳಲ್ಲಿ ದಿನವೂ ಎದುರಾಗುವ ಸಮಸ್ಯೆ: ಜೋಡಿಯಲ್ಲಿ ಒಬ್ಬರದು ಗೋಧಿ ಬಣ್ಣ, ಇನ್ನೊಬ್ಬರದು ಕಪ್ಪು. ಫೋಟೊದವರು ಹಲವು ಸಲ ಕಪ್ಪಗಿರುವವರಿಗೆ ಮೇಕಪ್ ಹೆಚ್ಚಿಸಲು ಹೇಳುತ್ತಾರೆ, ಇಲ್ಲವೆ ಕಂಪ್ಯೂಟರಿನಲ್ಲಿ ಮುಖ ಬೆಳ್ಳಗೆ ಮಾಡುತ್ತಾರೆ. ಎರಡೂ ಬೇಕಿಲ್ಲ. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಕಪ್ಪಗಿರುವವರನ್ನು ದೀಪದಿಂದ 4 ಅಡಿಗೆ, ಇನ್ನೊಬ್ಬರನ್ನು ಐದೂವರೆ ಅಡಿಗೆ ನಿಲ್ಲಿಸಿದರೆ ಎರಡನೆಯ ಮುಖಕ್ಕೆ ಸುಮಾರು ಅರ್ಧದಷ್ಟೇ ಬೆಳಕು. ಯಾರ ಬಣ್ಣವೂ ಬದಲಾಗದೆ ಇಬ್ಬರೂ ಚೆನ್ನಾಗಿ ಬರುತ್ತಾರೆ.

ಹಾರ್ಲೆಮ್‌ನಲ್ಲೇ 1919ರಲ್ಲಿ ಹುಟ್ಟಿದ ಛಾಯಾಗ್ರಾಹಕ ರಾಯ್ ಡಿಕರಾವಾ ಬೇರೆಯೇ ದಾರಿ ಹಿಡಿದರು. ಬೆಳಕು ಸೇರಿಸುವ ಬದಲು ಇದ್ದ ಮಂದ ಬೆಳಕಿನಲ್ಲೇ ತೆಗೆದು, ಡಾರ್ಕ್‌ರೂಮಿನಲ್ಲಿ ಗಾಢ ಬೂದು ಮತ್ತು ಕಪ್ಪಿನ ನಡುವಿನ ಹತ್ತಾರು ಛಾಯೆಗಳನ್ನು ಬಿಡಿಸಿ ಬಿಡಿಸಿ ಪ್ರಿಂಟು ಹಾಕಿದರು. ಅವರ ಚಿತ್ರ ಮೊದಲು ಕತ್ತಲಾಗಿಯೇ ಕಾಣುತ್ತದೆ. ಅರ್ಧ ನಿಮಿಷ ನಿಂತರೆ, ಬೆಳದಿಂಗಳಿಗೆ ಕಣ್ಣು ಹೊಂದಿಕೊಂಡಂತೆ ಮುಖ ಮೂಡುತ್ತದೆ. ಫೋನಿನ ಪರದೆಯಲ್ಲಿ ಈ ಅನುಭವ ಸಿಗದು. ಪರದೆಯ ಬೆಳಕನ್ನು ಪೂರ್ತಿ ಏರಿಸಿ, ಕತ್ತಲ ಕೋಣೆಯಲ್ಲಿ ನೋಡಿದರೆ ಅಷ್ಟಿಷ್ಟು ಸಿಕ್ಕೀತು.

## ಬಣ್ಣದ ತಟ್ಟೆಯಲ್ಲಿ

ಕುಂಚ ಹಿಡಿದವರಿಗೂ ಇದೇ ತೊಡಕು. ಕಪ್ಪು ಚರ್ಮ ಬರೆಯಲು ಕಪ್ಪು ಬಣ್ಣಕ್ಕೆ ಬಿಳಿ ಬೆರೆಸುವುದು ಕಲಿಯುವವರು ಮಾಡುವ ಮೊದಲ ತಪ್ಪು. ಟೈಟೇನಿಯಂ ಬಿಳಿ ಎಂಬ ಬಣ್ಣ ಮಿಶ್ರಣದ ಗಾಢತೆಯನ್ನು ಕೊಂದು ಸುಣ್ಣದ ಪುಡಿ ಹಚ್ಚಿದಂತೆ ಮಾಡುತ್ತದೆ. ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಎರಡು ಪಾಲು, ಅಲ್ಟ್ರಾಮರೀನ್ ನೀಲಿ ಒಂದು ಪಾಲು ಬೆರೆಸಿದರೆ ಜೀವವಿರುವ ಗಾಢ ಬಣ್ಣ ಬರುತ್ತದೆ. ರಕ್ತದ ಬಿಸಿ ಬೇಕಾದ ಕಡೆ, ಅಂದರೆ ಕಿವಿ, ತುಟಿ, ಮೂಗಿನ ತುದಿಯಲ್ಲಿ, ಚೂರು ಅಲಿಜರಿನ್ ಕೆಂಪು. ಬೆಳಕು ಬಿದ್ದ ಕಡೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು, ಯೆಲ್ಲೊ ಓಕರ್ ಎಂಬ ಮಣ್ಣಿನ ಹಳದಿ. ತೆರೆದ ಆಕಾಶದ ಕೆಳಗಿನ ಹೊಳಪು ನೀಲಿಯಾಗಿರುತ್ತದೆ, ಬಲ್ಬಿನ ಕೆಳಗೆ ಕಿತ್ತಳೆ. ಅಂಬರ್ ಬೇಗ ಒಣಗಿ ಮಂಕಾಗುತ್ತದೆ. ಆ ಮಂಕನ್ನೇ ನಿಜವೆಂದು ನಂಬಿ ಮೇಲೆ ಬಣ್ಣ ಹಾಕಿದರೆ ಇಡೀ ಲೆಕ್ಕ ತಪ್ಪುತ್ತದೆ. ತೆಳ್ಳಗೆ ಎಣ್ಣೆ ಸವರಿ ಮೊದಲಿನ ಆಳ ಮರಳಿದ ಮೇಲೆಯೇ ಮುಂದಿನ ಪದರ.

ಷಿಕಾಗೊದಲ್ಲಿ ನೆಲೆಸಿರುವ ಕೆರಿ ಜೇಮ್ಸ್ ಮಾರ್ಷಲ್ ಈ ಕಂದು ಬಣ್ಣವನ್ನೂ ಬಿಟ್ಟು ನೇರ ಕಪ್ಪಿಗೇ ಹೋದರು. ಐವರಿ, ಮಾರ್ಸ್, ಕಾರ್ಬನ್ ಎಂಬ ಮೂರು ಬೇರೆ ಕಪ್ಪುಗಳನ್ನು ಇಟ್ಟುಕೊಂಡು, ಅವುಗಳಿಗೆ ನೀಲಿ, ಹಸಿರು, ನೇರಳೆ ಬೆರೆಸಿ, ಕಪ್ಪಿನೊಳಗೇ ಬಿಸಿ ತಂಪುಗಳನ್ನು ತಂದರು. 1990ರ ದಶಕದಲ್ಲಿ ಸರ್ಕಾರಿ ವಸತಿ ಸಮುಚ್ಚಯಗಳನ್ನು ಕುರಿತು ಬರೆದ ದೊಡ್ಡ ಚಿತ್ರಗಳಲ್ಲಿ ಇಂಥ ಕಡುಗಪ್ಪು ಜನ ಹೂದೋಟದಲ್ಲಿ ಕೆಲಸ ಮಾಡುತ್ತಾರೆ. ಅಂಥ ಸಮುಚ್ಚಯ ಎಂದರೆ ಗುಂಡೇಟು, ಮಾದಕವಸ್ತು ಎಂದಷ್ಟೇ ಕೇಳಿದ್ದವರಿಗೆ ಆ ಹೂಗಳು ಹೊಸ ಸುದ್ದಿ. ಜಾರ್ಡನ್ ಕಸ್ಟೀಲ್ ಇನ್ನೊಂದು ತುದಿಯಲ್ಲಿದ್ದಾರೆ: 2014ರ ಒಂದು ಸರಣಿಯಲ್ಲಿ ಕಪ್ಪು ಗಂಡಸರ ಮೈಯನ್ನು ಹಸಿರು, ನೇರಳೆಗಳಲ್ಲಿ ಬರೆದು, ಬಣ್ಣ ನೋಡಿದೊಡನೆ ಏಳುವ ತೀರ್ಪನ್ನು ತಡೆದು ನಿಲ್ಲಿಸಿದರು.

## ಬೀದಿಯಲ್ಲಿ ಒಪ್ಪಿಗೆ ಪಡೆಯುವುದು

ಕಸ್ಟೀಲ್ ಮುಂದೆ ಹಾರ್ಲೆಮ್‌ನ ರಸ್ತೆ ಬದಿಯ ವ್ಯಾಪಾರಿಗಳನ್ನು ಬರೆದರು. ಮೊದಲು ಮಾತು, ಆಮೇಲೆ ಒಪ್ಪಿಗೆ, ಆಮೇಲೆ ಹತ್ತಾರು ಫೋಟೊ. ಅವುಗಳಿಂದ ಸ್ಟುಡಿಯೊದಲ್ಲಿ ಆಳೆತ್ತರದ ಕ್ಯಾನ್ವಾಸು. ದಿನವೂ ನೂರಾರು ಜನ ನೋಡದೆ ದಾಟಿಹೋಗುವ ಮನುಷ್ಯ ಮ್ಯೂಸಿಯಂನಲ್ಲಿ ನೋಡುಗರ ಕಣ್ಣಿಗೆ ಕಣ್ಣಿಟ್ಟು ಕೂತಿರುತ್ತಾನೆ.

ಒಪ್ಪಿಗೆಯ ವಿಷಯವನ್ನು ಬಹಳ ಆಳವಾಗಿ ಯೋಚಿಸಿದವರು ಛಾಯಾಗ್ರಾಹಕ ದಾವೂದ್ ಬೇ. 1975ರಲ್ಲಿ 35 ಎಂಎಂ ಕ್ಯಾಮೆರಾ ಹಿಡಿದು ಹಾರ್ಲೆಮ್‌ನಲ್ಲಿ ಶುರುಮಾಡಿದ ಅವರ ಚಿತ್ರಗಳು 1979ರಲ್ಲಿ ಸ್ಟುಡಿಯೊ ಮ್ಯೂಸಿಯಂನಲ್ಲಿ ಪ್ರದರ್ಶನಗೊಂಡವು. ಚಿಕ್ಕ ಕ್ಯಾಮೆರಾ ಬೇಗ ಕೆಲಸ ಮುಗಿಸುತ್ತದೆ, ಆದರೆ ಎದುರಿನವರಿಗೆ ಏನೂ ಉಳಿಯುವುದಿಲ್ಲ. 1988ರ ಹೊತ್ತಿಗೆ ಅವರು ಮುಕ್ಕಾಲಿಯ ಮೇಲೆ ನಿಲ್ಲಿಸುವ, 4×5 ಇಂಚಿನ ಹಾಳೆ ಫಿಲ್ಮಿನ ದೊಡ್ಡ ಕ್ಯಾಮೆರಾಗೆ ಬದಲಾದರು. ಅದಕ್ಕೆ ಹಾಕಿದ್ದು ಪೊಲರಾಯ್ಡ್‌ನ ಟೈಪ್ 55 ಫಿಲ್ಮ್. ಅರ್ಧ ನಿಮಿಷದೊಳಗೆ ಸುಲಿದರೆ ಒಂದು ಪ್ರಿಂಟು, ಜತೆಗೊಂದು ನೆಗೆಟಿವ್. ಪ್ರಿಂಟು ಅಲ್ಲೇ ಚಿತ್ರಕ್ಕೆ ನಿಂತವರ ಕೈಗೆ, ನೆಗೆಟಿವ್ ಬೇ ಅವರಿಗೆ.

ಈ ಫಿಲ್ಮಿನಲ್ಲಿ ಒಂದು ಸಿಕ್ಕು ಇತ್ತು. ನೆಗೆಟಿವ್‌ಗೆ ಪ್ರಿಂಟಿಗಿಂತ ಹೆಚ್ಚು ಬೆಳಕು ಬೇಕು. ಪ್ರಿಂಟು ಚೆನ್ನಾಗಿ ಬಂದರೆ ನೆಗೆಟಿವ್ ತೆಳ್ಳಗೆ, ನೆಗೆಟಿವ್‌ಗೆ ಸರಿಯಾಗಿ ಕೊಟ್ಟರೆ ಪ್ರಿಂಟು ಪೇಲವ. ಮೇಲಾಗಿ ನೆಗೆಟಿವ್ ಅನ್ನು ಸೋಡಿಯಂ ಸಲ್ಫೈಟ್ ದ್ರಾವಣದಲ್ಲಿ ಅದ್ದಿ ತೊಳೆಯಬೇಕು. ಬೀದಿಯ ಧೂಳು ಒದ್ದೆ ಲೇಪಕ್ಕೆ ಅಂಟಿದರೆ ಚಿತ್ರ ಹಾಳು. ಇಷ್ಟು ತಾಪತ್ರಯದ ನಡುವೆಯೂ ಬೇ ಅದನ್ನು ಬಿಡಲಿಲ್ಲ. ಮುಕ್ಕಾಲಿ ಊರಿ, ಕಪ್ಪು ಬಟ್ಟೆ ಹೊದ್ದು, ಹತ್ತು ನಿಮಿಷ ಒಬ್ಬರ ಎದುರು ನಿಂತಾಗ ಅವರಿಗೆ ತಮ್ಮ ಭಂಗಿ ತಾವೇ ಹುಡುಕಿಕೊಳ್ಳುವಷ್ಟು ಸಮಯ ಸಿಗುತ್ತದೆ.

ಚಿತ್ರಕಲಾವಿದ ಕೆಹಿಂಡೆ ವೈಲಿ 2001ರ ಸುಮಾರಿಗೆ ಸ್ಟುಡಿಯೊ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಿದ್ದಾಗ ರಸ್ತೆಯಲ್ಲಿ ಬಿದ್ದಿದ್ದ ಹಾಳೆಯೊಂದು ಸಿಕ್ಕಿತು: ಕಪ್ಪು ಯುವಕನೊಬ್ಬನ ಪೊಲೀಸ್ ಫೋಟೊ. ಅದೂ ಮುಖಚಿತ್ರವೇ, ಆದರೆ ಕೂತವನ ಕೈಯಲ್ಲಿ ಏನೂ ಇಲ್ಲ. ಮುಂದೆ ವೈಲಿ 125ನೇ ಬೀದಿಯಲ್ಲಿ ಯುವಕರನ್ನು ಮಾತಾಡಿಸಿ ಸ್ಟುಡಿಯೊಗೆ ಕರೆದು, ಯೂರೋಪಿನ ರಾಜರ, ಸೇನಾಪತಿಗಳ ಹಳೆಯ ಚಿತ್ರಗಳ ಪುಸ್ತಕ ಮುಂದಿಟ್ಟು, ನಿಮಗೆ ಬೇಕಾದ ಭಂಗಿ ಆರಿಸಿ ಎಂದರು. ಬಟ್ಟೆ ಮಾತ್ರ ಬೀದಿಯದ್ದೇ: ಟೊಪ್ಪಿ ಹೊಲಿದ ಹೂಡಿ ಅಂಗಿ, ಜೀನ್ಸ್, ಸ್ನೀಕರ್. ಆ ಭಂಗಿಯ ತೂಕ ತಿಳಿಯಲು ಒಂದು ಅಂಕಿ ಸಾಕು: 2011ರಲ್ಲಿ ನ್ಯೂಯಾರ್ಕ್ ಪೊಲೀಸರು ಬೀದಿಯಲ್ಲಿ ತಡೆದು ವಿಚಾರಿಸಿದ್ದು 6,85,724 ಸಲ. ಬಹುಪಾಲು ತಡೆದದ್ದು ಕಪ್ಪು ಮತ್ತು ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಜನರನ್ನು. ಹತ್ತರಲ್ಲಿ ಸುಮಾರು ಒಂಬತ್ತು ಸಲ ಯಾವ ಅಪರಾಧವೂ ಸಿಗಲಿಲ್ಲ. ಇದು ನಡೆಯುತ್ತಿದ್ದ ರೀತಿ ಸಂವಿಧಾನಬಾಹಿರ ಎಂದು 2013ರಲ್ಲಿ ಫೆಡರಲ್ ನ್ಯಾಯಾಲಯ ಹೇಳಿತು. ಗೋಡೆಗೆ ಕೈಯೂರಿ ನಿಲ್ಲು ಎಂದು ಕೇಳಿಸಿಕೊಂಡ ವಯಸ್ಸಿನ ಹುಡುಗ ಇಲ್ಲಿ ಸೇನಾಪತಿಯಂತೆ ಸೊಂಟದ ಮೇಲೆ ಕೈಯಿಟ್ಟಿದ್ದಾನೆ.

## ಚಿತ್ರದ ಮುಂದೆ ನಿಂತಾಗ

ಕಣ್ಣಿನ ಮಟ್ಟದಿಂದ ಶುರುಮಾಡಿ. ಕ್ಯಾಮೆರಾ ಕೂತವರ ಕಣ್ಣಿನ ಎತ್ತರದಲ್ಲಿದ್ದರೆ ಸಮಾನರ ಭೇಟಿ. ಮೇಲಿನಿಂದ ಕೆಳಗೆ ನೋಡಿದ್ದರೆ ಕರುಣೆಯ ಇಲ್ಲವೆ ತನಿಖೆಯ ನೋಟ. ಬಡತನವನ್ನು ತೋರಿಸಲು ಹೊರಟ ಎಷ್ಟೋ ಸದುದ್ದೇಶದ ಚಿತ್ರಗಳು ಎಡವುವುದು ಇಲ್ಲಿಯೇ. ಆಮೇಲೆ ಕೈಗಳನ್ನು ನೋಡಿ. ಮುಖಕ್ಕೆ ಎಲ್ಲರೂ ಪಹರೆ ಹಾಕುತ್ತಾರೆ, ಬೆರಳುಗಳನ್ನು ಮರೆಯುತ್ತಾರೆ. ಶೀರ್ಷಿಕೆಯಲ್ಲಿ ಹೆಸರಿದೆಯೆ, ಅಥವಾ ‘ಹಾರ್ಲೆಮ್‌ನ ಹುಡುಗ’ ಎಂದಷ್ಟೇ ಇದೆಯೆ? ಹಿನ್ನೆಲೆ ಮಸುಕಾಗಿದ್ದರೆ ಬೀದಿಯನ್ನು ಯಾಕೆ ಅಳಿಸಿದರು ಎಂದು ಕೇಳಬಹುದು.

ಕಲಾವಿದರು ಚಿತ್ರವನ್ನು ಎಲ್ಲಿಗೆ ಸಾಕು ಎಂದು ನಿಲ್ಲಿಸಿದ್ದಾರೆ ಎಂಬುದನ್ನೂ ಗಮನಿಸಬೇಕು. 1965ರಲ್ಲಿ ಆಲಿಸ್ ನೀಲ್ ಮುಂದೆ ಕೂತ ಕಪ್ಪು ಯುವಕನೊಬ್ಬ ವಿಯೆಟ್ನಾಂ ಯುದ್ಧಕ್ಕೆ ಕಡ್ಡಾಯ ಭರ್ತಿಯಾಗಿದ್ದವನು. ಒಂದು ಸಲ ಬಂದ, ಎರಡನೆಯ ಸಲ ಬರಲಿಲ್ಲ. ತಲೆ, ಒಂದು ಕೈ ಬಣ್ಣ ಕಂಡಿದ್ದವು. ಉಳಿದದ್ದು ಬರಿಯ ಕ್ಯಾನ್ವಾಸಿನ ಮೇಲಿನ ಗೆರೆ. ನೀಲ್ ಅದನ್ನೇ ಪೂರ್ಣ ಎಂದು ಸಹಿ ಹಾಕಿದರು.

ಬೇ 2014ರಲ್ಲಿ ಮತ್ತೆ ಹಾರ್ಲೆಮ್‌ಗೆ ಕ್ಯಾಮೆರಾ ತೆಗೆದುಕೊಂಡು ಹೋದರು. ಒಂದು ಕಾಲಕ್ಕೆ ಸಾಲ ಕೊಡದೆ ಬಿಟ್ಟಿದ್ದ ಬೀದಿಗಳಿಗೆ ಈಗ ಹಣ ಹರಿದು ಬಂದಿತ್ತು; ಬಾಡಿಗೆ ತೆರಲಾಗದೆ ಹಳಬರು ಜಾಗ ಖಾಲಿ ಮಾಡುತ್ತಿದ್ದರು. ಈ ಸಲದ ಅವರ ದೊಡ್ಡ ಬಣ್ಣದ ಚಿತ್ರಗಳಲ್ಲಿ ಖಾಲಿ ನಿವೇಶನ, ಕಟ್ಟಡ ಕೆಲಸದ ಸುತ್ತ ನಿಂತ ಹಲಗೆಯ ಬೇಲಿಗಳಿವೆ. ಮುಖಗಳು ತೀರ ಕಡಿಮೆ.